ಯತೀಮ್ ಮಗುವಿಗೆ ಉಮ್ಮ ಇದ್ದಾಳೆ



ರಮಝಾನ್ ಬಂತೆಂದರೆ ಮಂಗಳೂರಿನ ಮಸೀದಿಗಳ ಬಾಗಿಲಲ್ಲಿ ಯತೀಮ್‌ಖಾನಗಳ ರಶೀದಿ ಪುಸ್ತಕಗಳು ಕಾಣಿಸಿಕೊಳ್ಳುತ್ತವೆ. ನಾವು ಸಂತೋಷದಿಂದ ಕೊಡುತ್ತೇವೆ, ಕೊಡಲೇಬೇಕು. ಆದರೆ ಒಂದು ಪದದ ಬಗ್ಗೆ ಸ್ವಲ್ಪ ಯೋಚಿಸೋಣ. 'ಯತೀಮ್' ಎಂಬುದನ್ನು ನಾವು ಕನ್ನಡದಲ್ಲಿ 'ಅನಾಥ' ಎಂದು ಬರೆಯುತ್ತೇವೆ. ಅನಾಥನೆಂದರೆ ಯಾರೂ ಇಲ್ಲದವನು. ಶರೀಅತ್‌ನಲ್ಲಿ ಯತೀಮ್ ಎಂದರೆ ಪ್ರಾಯಕ್ಕೆ ಬರುವ ಮುನ್ನ ತಂದೆಯನ್ನು ಕಳಕೊಂಡ ಮಗು. ಅದರ ತಾಯಿ ಬದುಕಿರಬಹುದು. ಬೀಡಿ ಕಟ್ಟಿಯೋ ಮನೆಗೆಲಸ ಮಾಡಿಯೋ ಬಾಡಿಗೆ ತೆರುವ ಆ ಉಮ್ಮ, ಬೇರೆ ದಾರಿ ಕಾಣದೆ ಮಗನ ಬಟ್ಟೆಬರೆ ಕಟ್ಟಿ ಯತೀಮ್‌ಖಾನಕ್ಕೆ ಬಿಟ್ಟು ಬರುತ್ತಾಳೆ. ತಂದೆಯನ್ನು ಮರಣ ಒಯ್ದಿತ್ತು. ತಾಯಿಯಿಂದ ದೂರ ಮಾಡಿದ್ದು ಬಡತನ, ಮತ್ತು ಅದನ್ನು ನೋಡುತ್ತಾ ಕುಳಿತ ನಾವು.

ಇನ್ನೊಬ್ಬರ ಮಗುವಿನ ಹೊಣೆ ಹೊರುವುದನ್ನು 'ಕಫಾಲತ್' ಎನ್ನುತ್ತಾರೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲೂ ಈ ಪದವಿದೆ. ಅದರ ಕ್ರಿಯಾರೂಪ ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಎಲ್ಲಿ ಬಂದಿದೆ ನೋಡಿ. ಶಿಶು ಮೂಸಾ(ಅ) ಫಿರ್‌ಔನನ ಅರಮನೆಯಲ್ಲಿದ್ದಾರೆ. ಅಲ್ಲಿ ಇಲ್ಲದ್ದೇನು? ಆದರೆ ಶಿಶು ಯಾವ ದಾದಿಯ ಹಾಲನ್ನೂ ಮುಟ್ಟಲಿಲ್ಲ. ಆಗ ಅಕ್ಕ ಬಂದು, ಇವನ ಹೊಣೆ ಹೊರುವ ಒಂದು ಮನೆಯವರನ್ನು ತೋರಿಸಲೇ ಎಂದು ಕೇಳಿದಳು. ಹೀಗೆ ಆ ತಾಯಿಯ ಕಣ್ಣು ತಂಪಾಗಲೆಂದು ಅಲ್ಲಾಹನು ಮಗುವನ್ನು ಅವಳ ಮಡಿಲಿಗೇ ಮರಳಿಸಿದನು. ತನ್ನ ಮಗುವಿಗೇ ಹಾಲೂಡಿಸಿದ್ದಕ್ಕೆ ಆಕೆಗೆ ವೇತನವೂ ಸಿಕ್ಕಿತೆಂದು ವ್ಯಾಖ್ಯಾನಕಾರರು ಬರೆದಿದ್ದಾರೆ.

ಇಂದಿನ ಸಂಶೋಧನೆಯೂ ಇದರತ್ತಲೇ ಬೆರಳು ತೋರಿಸುತ್ತದೆ. ರುಮೇನಿಯಾದ ಬುಖಾರೆಸ್ಟ್‌ನಲ್ಲಿ 2000ದ ಬಳಿಕ, ಅನಾಥಾಲಯಗಳ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟನ್ನು ಚೀಟಿ ಎತ್ತಿದಂತೆ ಆರಿಸಿ ಸಾಕು ಕುಟುಂಬಗಳಿಗೆ ಒಪ್ಪಿಸಲಾಯಿತು. ಕುಟುಂಬ ಸೇರಿದವರ ಬುದ್ಧಿಶಕ್ತಿ ಉಳಿದವರಿಗಿಂತ ಚೆನ್ನಾಗಿ ಬೆಳೆಯಿತು. ಎರಡು ವರ್ಷ ತುಂಬುವ ಮೊದಲೇ ಸೇರಿದವರದು ಇನ್ನೂ ಹೆಚ್ಚು. ನಮ್ಮ ಯತೀಮ್‌ಖಾನಗಳನ್ನು ಅವುಗಳಿಗೆ ಹೋಲಿಸುವುದು ನ್ಯಾಯವಲ್ಲ. ಅವುಗಳಲ್ಲಿ ಓದಿ ಮುಂದೆ ಬಂದವರು ನಮ್ಮ ನಡುವೆಯೇ ಇದ್ದಾರೆ. ನಿಜಕ್ಕೂ ಯಾರೂ ಇಲ್ಲದ ಮಗುವಿಗೆ ಅವು ಆಸರೆ. ಉಮ್ಮ ಇರುವ ಮಗುವಿನ ಮಾತು ಬೇರೆ.

2015ರ ಬಾಲನ್ಯಾಯ ಕಾಯಿದೆ ಕೂಡ ಸಂಸ್ಥೆಯನ್ನು ಕೊನೆಯ ದಾರಿಯೆಂದೇ ಪರಿಗಣಿಸುತ್ತದೆ. 2022ರ ಮಿಶನ್ ವಾತ್ಸಲ್ಯ ಮಾರ್ಗಸೂಚಿಯಂತೆ ವಿಧವೆಯ ಮಗು ಮನೆಯಲ್ಲೇ ಬೆಳೆಯಲು ತಿಂಗಳಿಗೆ 4,000 ರೂ. ಪ್ರಾಯೋಜಕತ್ವದ ಏರ್ಪಾಡಿದೆ. ಕುಟುಂಬದ ವಾರ್ಷಿಕ ಆದಾಯ ನಗರದಲ್ಲಿ 96,000, ಹಳ್ಳಿಯಲ್ಲಿ 72,000 ರೂ. ಮೀರಿರಬಾರದು. ಅರ್ಜಿ ಹಾಕಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ದಾರಿ ತಿಳಿಯದಿದ್ದರೆ 1098ಕ್ಕೆ ಕರೆ ಮಾಡಬಹುದು. ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಆ ಉಮ್ಮ ಕಚೇರಿ ಸುತ್ತಲಾರಳು. ಮರಣ ಪತ್ರ, ಆದಾಯ ಪತ್ರಗಳಿಗೆ ಓಡಾಡಲು ಜಮಾಅತ್‌ನಿಂದ ಇಬ್ಬರು ಯುವಕರು ಸಾಲದೇ? ಸರಕಾರದ ಹಣ ತಡವಾದರೆ ಬಡವಿಯಾದ ಆಕೆಗೆ ನಮ್ಮ ಝಕಾತ್ ಇದೆ.

ಬರುವ ಶುಕ್ರವಾರ ಜುಮಾ ಮುಗಿದ ಮೇಲೆ ನಿಮ್ಮ ಜಮಾಅತ್‌ನ ಕಾರ್ಯದರ್ಶಿಯವರನ್ನು ಕೇಳಿ ನೋಡಿ: ನಮ್ಮ ಮೊಹಲ್ಲಾದಲ್ಲಿ ಉಮ್ಮ ಇದ್ದೂ ಯತೀಮ್‌ಖಾನದಲ್ಲಿ ಮಲಗುವ ಮಕ್ಕಳು ಎಷ್ಟು ಮಂದಿ?