ಇಲಿಯ ಉಸಿರು

ನಮ್ಮ ಮನೆಯಲ್ಲಿ ಇಲಿಯಿದೆ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಇಲಿಗೆ ಔಷಧ ಹಾಕುತ್ತಿದ್ದೇವೆ ಎಂದರೆ, ‘ಯಾವ ಪಾಷಾಣ?’ ಎಂದು ಕೇಳುತ್ತಾರೆ. ನಮ್ಮದು ಕೊಲ್ಲುವ ಮದ್ದಲ್ಲ, ಉಳಿಸುವ ಮದ್ದು ಎಂದರೆ ನಗುತ್ತಾರೆ.

ಮಗಳು ಸಾಕಿದ ಬಿಳಿಯ ಇಲಿ ಅದು. 2 ತಿಂಗಳ ಹಿಂದೆ ಸೀನತೊಡಗಿತು. ಮೂಗಿನ ಸುತ್ತ ಕೆಂಪು ಕಂಡು, ರಕ್ತವೆಂದು ಮಗಳು ಅತ್ತಳು. ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿಯಿಂದ ಒಸರುವ ಪಾರ್ಫಿರಿನ್ ಎಂಬ ವಸ್ತು, ಪ್ರಾಣಿ ಬಳಲಿದಾಗ ಹೆಚ್ಚಾಗಿ ಕಾಣುತ್ತದೆ ಎಂದರು ಪಶುವೈದ್ಯರು. ಎದೆಗೆ ಕೊಳವೆಯಿಟ್ಟು ಕೇಳಿದರು; ತೂಗಿದರು; ಎಕ್ಸ್‌ರೇ ತೆಗೆಸಿದರು. ಮೈಕೋಪ್ಲಾಸ್ಮಾ ಪಲ್ಮೋನಿಸ್ ಎಂಬ ಸೂಕ್ಷ್ಮಜೀವಿಯ ಕೆಲಸವಿರಬೇಕೆಂದು ಊಹಿಸಿದರು. ತಾಯಿಯಿಂದಲೇ ಮರಿಗೆ ಬರಬಲ್ಲ ಸೋಂಕು. ಈ ಜೀವಿಗೆ ಕೋಶಭಿತ್ತಿಯಿಲ್ಲ; ಆದ್ದರಿಂದ ಭಿತ್ತಿ ಕಟ್ಟುವುದನ್ನು ತಡೆಯುವ ಪೆನಿಸಿಲಿನ್ ಇಲ್ಲಿ ವ್ಯರ್ಥ. ಡಾಕ್ಸಿಸೈಕ್ಲಿನ್, ಎನ್ರೋಫ್ಲಾಕ್ಸಸಿನ್‌ಗಳು ಉಬ್ಬಸವನ್ನು ತಗ್ಗಿಸಬಹುದು, ರೋಗದ ಬೇರನ್ನು ಕೀಳಲಾರವು.

ಸಾಕಿದ ಇಲಿಯ ಆಯುಸ್ಸು 2-3 ವರ್ಷ. ಅದರಲ್ಲಿ ಬಹುಪಾಲು ಕಳೆದಿದೆ. ಇಷ್ಟಕ್ಕೆ ಇಷ್ಟು ಖರ್ಚೇ ಎಂದು ನೆರೆಯವರು ಕೇಳಿದರೆ ಆ ಪ್ರಶ್ನೆ ತಪ್ಪೆನ್ನಲಾರೆ. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಬೆಳಿಗ್ಗೆ ಇಲಿಗೆ ಔಷಧ ಕುಡಿಸುವವನೂ ನಾನೇ; ರಾತ್ರಿ ಅಡುಗೆಮನೆಯ ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸುವವನೂ ನಾನೇ. ಇದು ದಯೆಯಾದರೆ ಎಂಥ ದಯೆ?

ವೈದ್ಯರ ಇನ್ನೊಂದು ಮಾತು ನನಗೆ ಸ್ವಲ್ಪ ದಾರಿ ತೋರಿಸಿತು. ಪಂಜರದಲ್ಲಿ ಮೂತ್ರದಿಂದೇಳುವ ಅಮೋನಿಯ ಈ ರೋಗವನ್ನು ಕೆರಳಿಸುತ್ತದೆಯಂತೆ. ಹೊರಗಿನ ಇಲಿ ಗಾಳಿ ಕೆಟ್ಟರೆ ಬೇರೆ ಬಿಲ ಹುಡುಕೀತು. ನಮ್ಮದಕ್ಕೆ ನಾವು ಕೊಟ್ಟ ಗಾಳಿಯೇ ಗಾಳಿ. ಮಗಳು ಪರೀಕ್ಷೆಯೆಂದು, ನಾನು ಉತ್ತರಪತ್ರಿಕೆಗಳೆಂದು, ಪಂಜರ ತೊಳೆಯುವುದನ್ನು ದಿನದಿನವೂ ಮುಂದೂಡಿದ್ದೆವು. ಹಾಗಾದರೆ ಈಗ ಹಾಕುತ್ತಿರುವ ಔಷಧ ದಾನವಲ್ಲ, ಸಾಲದ ಕಂತು. ದಯೆಯನ್ನು ಮನಸ್ಸು ಬಂದಾಗ ತೋರಬಹುದು. ಸಾಲವನ್ನು ಹಾಗೆ ತೀರಿಸಲಾಗದು.

ಬೋನಿನ ಇಲಿಗೆ ಈ ಸಾಲವಿಲ್ಲ ನಿಜ. ಆದರೆ ಏನೂ ಸಲ್ಲಬೇಕಾದ್ದಿಲ್ಲವೆನ್ನಲು ಈಗ ನಾಲಗೆ ಏಳುವುದಿಲ್ಲ. ನೋವು ಎರಡಕ್ಕೂ ಒಂದೇ. ಸಿಕ್ಕಿಬಿದ್ದದ್ದನ್ನು ಬೆಳಗಿನವರೆಗೆ ಒದ್ದಾಡಲು ಬಿಡದಿರುವುದಾದರೂ ನನ್ನ ಹೊಣೆ. ಅದೇ ನ್ಯಾಯ ಪಂಜರದ ಇಲಿಗೂ ಸಲ್ಲುತ್ತದೆ. ತಿನ್ನುವುದನ್ನು ಬಿಟ್ಟು, ಬಾಯಿ ತೆರೆದು ಉಸಿರಿಗಾಗಿ ಹೆಣಗುವ ದಿನ ಬಂದರೆ, ನೋವಿಲ್ಲದ ಸಾವನ್ನು ಕೊಡಿಸುವುದೂ ಶುಶ್ರೂಷೆಯೇ ಎಂದಿದ್ದಾರೆ ವೈದ್ಯರು. ಆಮೇಲಿನ ಔಷಧ ಅದರ ಉಸಿರಿಗಲ್ಲ, ನಮ್ಮ ಮೋಹಕ್ಕೆ.

‘ಆ ದಿನ ಬಂತೆಂದು ಯಾರು ಹೇಳಬೇಕು?’ ಎಂದು ಮಗಳು ಕೇಳಿದಳು. ನಾವೇ ಎಂದೆ. ಈಗ ದಿನವೂ ಬೆಳಿಗ್ಗೆ ಪಂಜರ ತೊಳೆದು, ಇಲಿಯನ್ನು ತೂಗಿ, ಪುಸ್ತಕದಲ್ಲಿ ಬರೆದಿಡುತ್ತೇವೆ. ಇಂದು ತೂಕ ಇಳಿದಿಲ್ಲ.