ಹೊಳೆಯದಿರಲು ಒಂದು ಪದರ

ಮ್ಯಾಟ್ ನೈಲ್‌ಪಾಲಿಶ್‌ನಲ್ಲಿ ಒಂದು ವಿಚಿತ್ರ ಲೆಕ್ಕವಿದೆ. ಹೊಳಪು ಬೇಡ ಅನ್ನುವವರಿಗೆ ಒಂದು ಕೆಲಸ ಕಡಿಮೆಯಾಗಬೇಕಿತ್ತಲ್ಲವೇ? ಆಗುವುದು ಉಲ್ಟಾ. ಮಾಮೂಲಿ ಬಣ್ಣವನ್ನು ಎರಡು ಸಲ ಹಚ್ಚಿ, ಅದು ಪೂರ್ತಿ ಒಣಗುವತನಕ ಬೆರಳು ಚಾಚಿ ಕೂತು, ಮೇಲೆ ಮ್ಯಾಟ್ ಟಾಪ್‌ಕೋಟ್ ಎಂಬ ಮತ್ತೊಂದು ಪದರ ಬಳಿಯಬೇಕು. ಹೊಳೆಯದಿರುವುದಕ್ಕೆ ಹೆಚ್ಚು ಖರ್ಚು, ಹೆಚ್ಚು ಹೊತ್ತು.

ಪಿಎಚ್‌ಡಿಯ ಅಧ್ಯಾಯಗಳ ನಡುವೆ, ಭಾನುವಾರ ಹಾಸ್ಟೆಲ್ ಕೋಣೆಯಲ್ಲಿ ಉಗುರಿಗೆ ಬಣ್ಣ ಹಚ್ಚಿಕೊಳ್ಳುವುದು ನನ್ನ ರೂಢಿ. ಮ್ಯಾಟ್ ಬೂದುಬಣ್ಣ ಕಂಡವರು ‘ಡೀಸೆಂಟಾಗಿದೆ’ ಅನ್ನುತ್ತಾರೆ. ಅದೇ ಬಣ್ಣ ಹೊಳೆಯುತ್ತಿದ್ದರೆ, ‘ಏನು, ಯಾರದಾದರೂ ಮದುವೆಯಾ?’ ಮೂರು ಪದರದ ಅಲಂಕಾರವೊಂದು ಸರಳತೆಯ ಹೆಸರಿನಲ್ಲಿ ಮೆಚ್ಚುಗೆ ಗಿಟ್ಟಿಸುತ್ತದೆ. ಶ್ರಮಪಟ್ಟು ತಂದುಕೊಂಡ ಸರಳತೆ ಸರಳತೆಯೇ, ಸೋಗೇ?

ಮೊದಲು ಆ ಪದರ ಮಾಡುವ ಕೆಲಸವನ್ನು ನೋಡೋಣ. ಮ್ಯಾಟ್ ಟಾಪ್‌ಕೋಟ್‌ನಲ್ಲಿ ಸಾಮಾನ್ಯವಾಗಿ ಸಿಲಿಕಾದ ಸೂಕ್ಷ್ಮ ಕಣಗಳಿರುತ್ತವೆ. ದ್ರಾವಕ ಆರಿದ ಮೇಲೆ ಅವು ಮೇಲ್ಮೈಯನ್ನು ಕಣ್ಣಿಗೆ ಕಾಣದಷ್ಟು ತರಿತರಿಯಾಗಿಸುತ್ತವೆ. ನುಣುಪು ಮೈ ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸಿದರೆ, ತರಿಮೈ ನಾನಾ ದಿಕ್ಕಿಗೆ ಚೆದುರಿಸುತ್ತದೆ. ಮ್ಯಾಟ್ ಬೆಳಕನ್ನು ನಿರಾಕರಿಸುವುದಿಲ್ಲ, ಹಂಚುತ್ತದೆ. ಹೊಳೆಯುವ ಉಗುರಿನಲ್ಲಿ ಟ್ಯೂಬ್‌ಲೈಟಿನ ಬಿಂಬ ಎದ್ದು ಕಾಣುತ್ತದೆ. ಮ್ಯಾಟ್ ಉಗುರಿನಲ್ಲಿ ಬಣ್ಣವೇ ಕಾಣುತ್ತದೆ.

ಹಾಗಾಗಿ ಶ್ರಮವನ್ನು ನಾನು ಸೋಗು ಅನ್ನಲಾರೆ. ಶ್ರಮವೇ ಮೋಸವೆಂದರೆ ಒಳ್ಳೆಯ ಗದ್ಯವೆಲ್ಲ ಮೋಸವಾಗಬೇಕು. ತಿಳಿಯಾದ ಒಂದು ಪುಟಕ್ಕಾಗಿ ನಾನು ಎಂಟು ಸಲ ತಿದ್ದುತ್ತೇನೆ. ಓದುಗರು ಅದನ್ನು ಕಪಟವೆನ್ನುವುದಿಲ್ಲ.

ತೊಡಕಿರುವುದು ಬೇರೆಡೆ. ನಮ್ಮ ಮೆಸ್ಸಿನಲ್ಲಿ ಪಾತ್ರೆ ತೊಳೆಯುವಾಕೆ ಹಬ್ಬಕ್ಕೆ ಥಳಥಳಿಸುವ ಗುಲಾಬಿ ಬಣ್ಣ ಹಚ್ಚಿಕೊಂಡು ಬರುತ್ತಾರೆ. ನನ್ನ ಉಗುರನ್ನು ಹೊಗಳಿದ ಬಾಯಿಗಳೇ ಅದನ್ನು ‘ಸ್ವಲ್ಪ ಜಾಸ್ತಿಯಾಯ್ತು’ ಅನ್ನುತ್ತವೆ. ಅಭಿರುಚಿ ಬರೀ ಖಾಸಗಿ ಸಂಗತಿಯಲ್ಲ, ವರ್ಗದ ಗುರುತೂ ಹೌದೆಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯು 1979ರ ‘ಡಿಸ್ಟಿಂಕ್ಷನ್’ ಗ್ರಂಥದಲ್ಲಿ ವಾದಿಸಿದ. ಅವನ ದೊಡ್ಡ ವಾದಕ್ಕೆ ಹತ್ತು ಬೆರಳುಗಳ ಸಾಕ್ಷಿ ಇಲ್ಲಿದೆ. ಆಕೆಯದು ಒಂದು ಬಾಟಲಿಯ ಅಲಂಕಾರ, ನನ್ನದು ಎರಡು ಬಾಟಲಿಯದು. ಆದರೂ ಆಡಂಬರದ ಆರೋಪ ಆಕೆಯ ಪಾಲಿಗೆ.

ಮ್ಯಾಟ್‌ಗೆ ಇನ್ನೊಂದು ಗುಣವಿದೆ: ಎಣ್ಣೆ ತಾಗಿದರೆ ಅದು ಅಲ್ಲಲ್ಲಿ ಮಿನುಗತೊಡಗುತ್ತದೆ. ಒಗ್ಗರಣೆ ಹಾಕಿದರೆ, ತಲೆಗೆ ಎಣ್ಣೆ ತಿಕ್ಕಿದರೆ, ಕೈಗೆ ಕ್ರೀಮ್ ಸವರಿಕೊಂಡರೂ ಸಾಕು. ದುಡಿವ ಕೈಯ ಮೇಲೆ ಈ ಸರಳತೆ ಹೆಚ್ಚು ದಿನ ಉಳಿಯದು. ಜಿಡ್ಡು ಮುಟ್ಟಬೇಕಿಲ್ಲದ, ಪುಟ ತಿರುವುವ ಕೈಯ ಮೇಲೆ ಚೆನ್ನಾಗಿ ಬಾಳುತ್ತದೆ. ಬಿಡುವಿನಿಂದ ದೊರೆತದ್ದನ್ನು ಸಂಸ್ಕಾರದಿಂದ ಬಂದದ್ದೆಂದು ಲೆಕ್ಕ ಬರೆದಾಗ ಸೋಗು ಶುರುವಾಗುತ್ತದೆ.

ಇಷ್ಟು ಹೇಳಿ ಮ್ಯಾಟ್ ಬಿಡಬೇಕಾಗಿಲ್ಲ. ಆ ಬೂದುಬಣ್ಣದ ಮೌನ ನನಗೆ ಪ್ರಿಯ. ಆದರೆ ‘ಡೀಸೆಂಟ್’ ಎಂಬ ಪ್ರಶಸ್ತಿಯನ್ನು ಮಾತ್ರ ಹಿಂದಿರುಗಿಸುತ್ತೇನೆ. ‘ಮೂರು ಪದರ ಹಚ್ಚಿದ್ದೇನೆ, ಒಂದು ಗಂಟೆ ಹಿಡಿಯಿತು’ ಅನ್ನುತ್ತೇನೆ. ಹೊಳೆಯದಿರುವುದು ನನ್ನ ಇಷ್ಟ. ಅದು ಇಷ್ಟವಾಗಿಯೇ ಇರಲಿ, ಸದ್ಗುಣವಾಗಿ ಬಡ್ತಿ ಪಡೆಯದಿರಲಿ.