ದಂಡ ಕಟ್ಟುವುದೋ, ತಕರಾರು ಹೂಡುವುದೋ?

ಕಳೆದ ಸಂಕ್ರಾಂತಿಯ ಹೊತ್ತಿಗೆ ದಾಸೋಹದ ಬೇಳೆ, ಬೆಲ್ಲ ತರಲು ಮಠದ ಜೀಪಿನಲ್ಲಿ ಸೊಲ್ಲಾಪುರಕ್ಕೆ ಹೋಗಿದ್ದೆವು. ಸಿದ್ಧರಾಮೇಶ್ವರ ಜಾತ್ರೆಯ ದಟ್ಟಣೆ. ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಗಡಿಯ ಎದುರಿಗೇ ಗಾಡಿ ನಿಲ್ಲಿಸೆಂದು ಚಾಲಕನಿಗೆ ಹೇಳಿದವರು ನಾವೇ. ಹತ್ತು ನಿಮಿಷದ ಕೆಲಸ. ಮರುದಿನ ಮೊಬೈಲಿಗೆ ಮರಾಠಿಯಲ್ಲಿ ಸಂದೇಶ ಬಂದಿತು: ನೋ ಪಾರ್ಕಿಂಗ್, ದಂಡ ರೂ. 500.

ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಲ್ಲಿ ಮೊದಲ ತಪ್ಪಿಗೆ ನೂರು ರೂಪಾಯಿಯವರೆಗೆ ಇದ್ದ ದಂಡವನ್ನು 2019ರ ತಿದ್ದುಪಡಿಯಲ್ಲಿ ಐದು ನೂರಕ್ಕೂ, ಮರಳಿ ಮಾಡಿದರೆ ಮುನ್ನೂರು ಇದ್ದದ್ದನ್ನು ಸಾವಿರದ ಐದು ನೂರಕ್ಕೂ ಏರಿಸಿದ್ದಾರೆ. ದೊಡ್ಡ ಮೊತ್ತವೇನಲ್ಲ. ಆದರೆ ಕೀರ್ದಿಯಲ್ಲಿ ಯಾವ ಬಾಬಿನಲ್ಲಿ ಬರೆಯುವುದು? ಲೆಕ್ಕಪತ್ರ ಓದಿ ಬಂದ ನಮಗೆ ಮೊದಲು ಹೊಳೆದದ್ದು ಇದೇ. ಮಠದ ಹಣ ಭಕ್ತರ ಹಣ. ಚಾಲಕನ ಪಗಾರದಲ್ಲಿ ಹಿಡಿಯೋಣವೆಂದರೆ ಅವನು, "ಅಣ್ಣಾರ, ನೀವು ನಿಲ್ಲಸು ಅಂದ್ರಿ, ನಾ ನಿಲ್ಲಿಸಿದೆ" ಎಂದ. ಮಾತು ಸರಿಯಾಗಿಯೇ ಇತ್ತು.

ತಕರಾರಿಗೂ ದಾರಿ ಇತ್ತು. ಆ ದಿನ ಅಲ್ಲಿಯ ನಿಷೇಧದ ಫಲಕದ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದರು. "ಫಲಕ ಕಾಣುತ್ತಿರಲಿಲ್ಲ" ಎಂದು ಬರೆದರೆ ಒಂದಕ್ಷರವೂ ಸುಳ್ಳಲ್ಲ. ಆದರೆ ಹದಿನೈದು ವರ್ಷದಿಂದ ಆ ಪೇಟೆಗೆ ಹೋಗುವ ನಮಗೆ ಅಲ್ಲಿ ಗಾಡಿ ನಿಲ್ಲಿಸಬಾರದೆಂದು ಚೆನ್ನಾಗಿ ಗೊತ್ತಿತ್ತು. ಜತ್ತದಿಂದಲೋ ಅಕ್ಕಲಕೋಟೆಯಿಂದಲೋ ಮೊದಲ ಸಲ ಬಂದವನು ಅದೇ ಮಾತನ್ನು ಬರೆದರೆ ಅದು ಪ್ರಾಮಾಣಿಕ ಅರ್ಜಿ. ನಾವು ಬರೆದರೆ ಅದೇ ಮಾತು ಕಣ್ಣಿಗೆ ಮಣ್ಣೆರಚುವ ಕೆಲಸ. ಮಾತು ನಿಜವಾದರೆ ಸಾಲದು, ಆಡುವವನ ಅರಿವೂ ಅದಕ್ಕೆ ಹೊಂದಬೇಕೆಂಬುದು ನಮಗೆ ಆ ದಿನ ಹೊಳೆಯಿತು.

ವಕೀಲರಾದ ಭಕ್ತರೊಬ್ಬರು ಒಪ್ಪಲಿಲ್ಲ. "ಫಲಕ ಕಾಣುವಂತೆ ಇಡುವುದು ಸರಕಾರದ ಹೊಣೆ. ನಿಮ್ಮ ಮನಸ್ಸಿನಲ್ಲಿ ಏನಿತ್ತೆಂದು ಕಾಯ್ದೆ ಕೇಳುವುದಿಲ್ಲ. ಎಲ್ಲರೂ ನಿಮ್ಮಂತೆ ಸುಮ್ಮನೆ ಕಟ್ಟಿದರೆ ಫ್ಲೆಕ್ಸ್ ಅಲ್ಲೇ ಇರುತ್ತದೆ, ನಾಳೆ ಬಡವನೊಬ್ಬ ಸಿಕ್ಕಿಬೀಳುತ್ತಾನೆ" ಎಂದರು. ಈ ಕೊನೆಯ ಮಾತನ್ನು ತಳ್ಳಿಹಾಕಲು ನಮ್ಮಿಂದ ಆಗಲಿಲ್ಲ. ಇನ್ನೊಬ್ಬರು ಲೋಕ ಅದಾಲತ್ ಬರುವತನಕ ಕಾಯಿರಿ, ಅಲ್ಲಿ ಕಡಿಮೆ ಮಾಡುತ್ತಾರೆಂದರು. ಮತ್ತೊಬ್ಬರು, ಸ್ವಾಮಿಗಳ ಹೆಸರು ಹೇಳಿ ಒಂದು ಫೋನ್ ಮಾಡಿದರೆ ಮುಗಿಯಿತೆಂದರು. ಇದಕ್ಕೆ ಉತ್ತರ ಕೊಡುವ ಅಗತ್ಯವಿರಲಿಲ್ಲ.

ಕೊನೆಗೆ ದಂಡವನ್ನು ನಮ್ಮ ಕಿಸೆಯಿಂದ ಕಟ್ಟಿದೆವು. ಫಲಕ ಮುಚ್ಚಿದೆಯೆಂದು ಬೇರೆ ಕಾಗದ ಬರೆದೆವು. ಅದರಲ್ಲಿ ನಮ್ಮ ದಂಡದ ಪ್ರಸ್ತಾಪ ಮಾಡಲಿಲ್ಲ.

ಇಷ್ಟರಲ್ಲಿ ಎರಡನೆಯ ಚಲನ್ ಬಂದಿತು. ಪುಣೆಯಲ್ಲಿ ನಮ್ಮ ಜೀಪು ನಿಂತಿತ್ತಂತೆ, ಮರಳಿ ಮಾಡಿದ ತಪ್ಪೆಂದು ರೂ. 1500. ಆ ದಿನ ಜೀಪು ಮಠದ ಅಂಗಳ ಬಿಟ್ಟಿರಲಿಲ್ಲ. ಫೋಟೊ ತೆರೆದು ನೋಡಿದರೆ ಯಾರದೋ ಮೋಟರ್‌ಸೈಕಲ್. ನಂಬರಿನ 3 ಅನ್ನು 8 ಎಂದು ಓದಿದ್ದರು. ನಮ್ಮ ಹಳ್ಳಿಗಳಲ್ಲಿ ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರು ಮರಾಠಿ ಸಂದೇಶಕ್ಕೆ ಹೆದರಿ ಫೋಟೊ ನೋಡದೆಯೇ ಹಣ ಕಟ್ಟಿಸುವುದನ್ನು ಕಂಡಿದ್ದೇವೆ. ದಯವಿಟ್ಟು ಮೊದಲು ಫೋಟೊ, ತಾರೀಖು, ನಂಬರು ನೋಡಿರಿ. ತಿಳಿಯದಿದ್ದರೆ ಸೋಮವಾರ ಕಾರ್ಯಾಲಯಕ್ಕೆ ತನ್ನಿರಿ, ಓದಿ ಹೇಳುತ್ತೇವೆ.

"ಬಿಡ್ರಿ ಅಣ್ಣಾರ, ಇದನ್ನೂ ಕಟ್ಟಿಬಿಡೋಣು, ಯಾಕ ತಲಿಬ್ಯಾನಿ" ಎಂದ ಚಾಲಕ. ಕಟ್ಟಲಿಲ್ಲ. ಮಾಡದ್ದನ್ನು ಮಾಡಿದೆವೆಂದು ಸಹಿ ಹಾಕಿದಂತಾಗುತ್ತಿತ್ತು. ಜೀಪಿನ ಫೋಟೊ, ಆರ್‌ಸಿ ಪ್ರತಿ ಲಗತ್ತಿಸಿ ತಕರಾರು ಸಲ್ಲಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.